ಭತ್ತದ ತಳಿ ವೈವಿಧ್ಯ

ಕೃಷಿಯಲ್ಲಿರುವ ಭತ್ತ ಎರಡು ಪ್ರಭೇದಗಳಿಗೆ ಸೇರಿದ್ದು. ಏಷ್ಯಾ ಮೂಲದ ಒರೈಜಾ ಸಟೈವಾ ಜಗತ್ತಿನಾದ್ಯಂತ ಹಬ್ಬಿದೆ. ಒರೈಜಾ ಗ್ಲಾಬೆರಿಮಾ ಪಶ್ಚಿಮ ಆಫ್ರಿಕದ ಬೆಳೆ. ಮೊದಲನೆಯದರಲ್ಲಿ ಇಂಡಿಕಾ, ಜಪಾನಿಕಾ ಮುಖ್ಯ ಗುಂಪುಗಳು.

ಅನ್ನದ ಹದವನ್ನು ಬಹುಮಟ್ಟಿಗೆ ನಿರ್ಧರಿಸುವುದು ಪಿಷ್ಟದಲ್ಲಿರುವ ಅಮೈಲೋಸ್. ಅದು ಹೆಚ್ಚಿದ್ದರೆ ಅನ್ನ ಉದುರುದುರಾಗುತ್ತದೆ. ಲಾವೋಸಿನ ಅಂಟಕ್ಕಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಬಾಸುಮತಿ ಮತ್ತು ಥಾಯ್ಲೆಂಡಿನ ಜಾಸ್ಮಿನ್ ಪರಿಮಳಕ್ಕೆ, ಇಟಲಿಯ ಅರ್ಬೋರಿಯೊ ರಿಸೊಟ್ಟೊ ಅಡುಗೆಗೆ ಹೆಸರಾಗಿವೆ.

ನೆಲ-ನೀರಿಗೆ ಒಗ್ಗಿಕೊಂಡ ತಳಿಗಳು ಇನ್ನೂ ವಿಸ್ಮಯಕರ. ಬಾಂಗ್ಲಾದೇಶದ ಆಳನೀರಿನ ಭತ್ತ ನೆರೆ ಏರಿದಂತೆ ಕಾಂಡವನ್ನು ಉದ್ದವಾಗಿಸಿಕೊಂಡು ತೆನೆಯನ್ನು ನೀರಿನ ಮೇಲೆ ಹಿಡಿಯುತ್ತದೆ. ಒಡಿಶಾದ ಎಫ್‌ಆರ್13ಎ ಬೆಳವಣಿಗೆಯನ್ನೇ ತಡೆಹಿಡಿದು, ಮುಳುಗಿದರೂ ಸುಮಾರು ಎರಡು ವಾರ ಬದುಕುತ್ತದೆ; ಅದರ ಸಬ್1 ವಂಶವಾಹಿಯಿಂದ ಸ್ವರ್ಣ-ಸಬ್1 ರೂಪುಗೊಂಡಿತು. ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಉಪ್ಪುನೀರನ್ನು ತಾಳಿಕೊಳ್ಳುತ್ತದೆ.

1966ರಲ್ಲಿ ಬಂದ ಗಿಡ್ಡ ತಳಿ ಐಆರ್8 ಇಳುವರಿಯನ್ನು ಹೆಚ್ಚಿಸಿತು. ಇಂಥ ತಳಿಗಳು ಹಬ್ಬಿದಂತೆ ಅನೇಕ ನಾಟಿ ತಳಿಗಳು ಗದ್ದೆಯಿಂದ ಮರೆಯಾದವು. ಫಿಲಿಪ್ಪೀನ್ಸ್‌ನ ಲಾಸ್ ಬಾನ್ಯೋಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಬೀಜ ಭಂಡಾರದಲ್ಲಿ 1,30,000ಕ್ಕೂ ಹೆಚ್ಚು ಮಾದರಿಗಳಿವೆ. ಆದರೆ ಬದಲಾಗುವ ಹವೆ, ರೋಗ, ಕೀಟಗಳಿಗೆ ತಳಿ ಹೊಂದಿಕೊಳ್ಳುತ್ತ ಹೋಗುವುದು ರೈತರ ಗದ್ದೆಯಲ್ಲೇ. ಅಲ್ಲಿಯೂ ಅದನ್ನು ಉಳಿಸಿಕೊಳ್ಳುವುದು ಅನಿವಾರ್ಯ.