ನ್ಯೂಫೌಂಡ್‌ಲೆಂಡಿನ ರಾಷ್ಟ್ರಋಣವೂ ಸ್ವಯಮಾಡಳಿತದ ವಿಸರ್ಜನೆಯೂ

ಶತ್ರುಸೈನ್ಯವೊಂದು ಗಡಿ ದಾಟಿ ಬಾರದಿದ್ದರೂ ಕೇವಲ ಋಣಭಾರದ ದೆಸೆಯಿಂದ, ಅದೂ ತನ್ನ ಶಾಸನಸಭೆಯ ಬಿನ್ನಹದ ಮೂಲಕವೇ, ನಾಡೊಂದು ಸ್ವಯಮಾಡಳಿತವನ್ನು ಬಿಟ್ಟುಕೊಟ್ಟ ನಿದರ್ಶನಗಳು ಚರಿತ್ರೆಯಲ್ಲಿ ವಿರಳ. 1855ರಲ್ಲಿಯೇ ಹೊಣೆಗಾರಿಕೆಯ ಸರ್ಕಾರವನ್ನು ಪಡೆದು, ಮುಂದೆ ಬ್ರಿಟಿಷ್ ಸಾಮ್ರಾಜ್ಯದೊಳಗೆ ಡೊಮಿನಿಯನ್ ಪದವಿಗೇರಿದ್ದ ನ್ಯೂಫೌಂಡ್‌ಲೆಂಡ್ ದ್ವೀಪವು 1934ರಲ್ಲಿ ಈ ಗತಿಯನ್ನು ಹೊಂದಿತು. ರಾಜಕಾರಣಿಗಳ ದುಂದುಗಾರಿಕೆಯೂ ಭ್ರಷ್ಟಾಚಾರವೂ ಇದಕ್ಕೆ ಮುಖ್ಯ ಕಾರಣವೆಂದು ಅಂದು ಬ್ರಿಟನ್ ನೇಮಿಸಿದ್ದ ಆಮ್ಯುಲ್ರೀ ವಿಚಾರಣಾ ಆಯೋಗವು ಬಗೆಯಿತು. ಆದರೆ ಸಾಲವು ಯಾವ ಕಾರ್ಯಗಳಿಗೆ ವಿನಿಯೋಗವಾಯಿತು, ಅದನ್ನು ತೀರಿಸಬೇಕಾಗಿದ್ದ ಆದಾಯದ ಸ್ವರೂಪವೆಂತಹುದು ಎಂಬುದನ್ನು ವಿಚಾರಿಸಿದರೆ ಆ ತೀರ್ಪು ಅಸಮಗ್ರವೆಂದು ತೋರದಿರದು.

ಮೂರು ಲಕ್ಷಕ್ಕೂ ಕಡಿಮೆ ಜನರಿದ್ದ ಆ ದ್ವೀಪದ ಬಹುಭಾಗದ ಜೀವನಾಧಾರ ಕಾಡ್ ಮೀನು. ಬೆಸ್ತನು ವಸಂತದಲ್ಲಿ ವರ್ತಕನಿಂದ ಹಿಟ್ಟು, ಉಪ್ಪು, ಹಗ್ಗ, ಬಲೆಗಳನ್ನು ಕಡವಾಗಿ ತಂದು, ಬೇಸಗೆಯೆಲ್ಲ ಕಡಲಿನಲ್ಲಿ ದುಡಿದು, ಉಪ್ಪು ಹಚ್ಚಿ ಒಣಗಿಸಿದ ಮೀನನ್ನು ಶರತ್ಕಾಲದಲ್ಲಿ ಅದೇ ವರ್ತಕನಿಗೆ, ಆತನೇ ಗೊತ್ತುಮಾಡಿದ ದರಕ್ಕೆ ಒಪ್ಪಿಸಿ, ಲೆಕ್ಕ ಚುಕ್ತಾ ಮಾಡಬೇಕಾಗಿದ್ದಿತು. ನಗದು ಹಣವು ಅವನ ಕೈಗೆ ಬರುತ್ತಿದ್ದುದೇ ಅಪೂರ್ವ. ಹೀಗಿದ್ದುದರಿಂದ ಬೊಕ್ಕಸವು ಬಹುಮಟ್ಟಿಗೆ ಆಮದು ಸುಂಕವನ್ನೇ ನಂಬಬೇಕಾಯಿತು. ಮೀನಿನ ಬೆಲೆ ಇಳಿದರೆ ಆಮದು ತಗ್ಗುವುದು, ಆಮದು ತಗ್ಗಿದರೆ ಸುಂಕ ಕ್ಷೀಣಿಸುವುದು. ಸಾಲದ ಬಡ್ಡಿಯಾದರೋ ಕಿಂಚಿತ್ತೂ ಇಳಿಯದು.

ಋಣದ ಮೊದಲ ದೊಡ್ಡ ಮೂಲವು ರೈಲುಮಾರ್ಗ. 1881ರಲ್ಲಿ ಆರಂಭವಾಗಿ, 1894ರ ಡಿಸೆಂಬರಿನಲ್ಲಿ ಸ್ಥಳೀಯ ಬ್ಯಾಂಕುಗಳೆರಡೂ ದಿವಾಳಿಯೆದ್ದ ಆಘಾತವನ್ನು ದಾಟಿ, 1898ರಲ್ಲಿ ದ್ವೀಪದ ಉದ್ದಗಲಕ್ಕೆ ಸಂಚಾರ ತೊಡಗಿದ ಈ ಮಾರ್ಗವು ಲಾಭಕರವಾಗದೆ, 1923ರಲ್ಲಿ ಸರ್ಕಾರದ ಹೆಗಲಿಗೇ ಬಂದಿತು. ಎರಡನೆಯ ಮೂಲವು ಮೊದಲನೆಯ ಮಹಾಯುದ್ಧ. 1916ರ ಜುಲೈ 1ರಂದು ಫ್ರಾನ್ಸಿನ ಬೋಮಾಂಟ್‌ ಹಾಮೆಲ್‌ನಲ್ಲಿ ಮುನ್ನುಗ್ಗಿದ ದ್ವೀಪದ ಸುಮಾರು 800 ಯೋಧರಲ್ಲಿ ಮರುದಿನದ ಹಾಜರಿಗೆ ಓಗೊಟ್ಟವರು 68 ಮಂದಿ. ಸಾಮ್ರಾಜ್ಯಕ್ಕಾಗಿ ಮಾಡಿದ ಆ ತ್ಯಾಗದ ವೆಚ್ಚವೂ ನಿವೃತ್ತಿವೇತನಗಳೂ ದ್ವೀಪದ ಲೆಕ್ಕಕ್ಕೇ ಸೇರಿದುವು. 1920ರಿಂದ ಮುಂಗಡಪತ್ರವು ಒಮ್ಮೆಯೂ ಸಮತೂಗದೆ, 1933ರ ವೇಳೆಗೆ ಋಣವು ಸುಮಾರು 10 ಕೋಟಿ ಡಾಲರಿಗೆ ಮುಟ್ಟಿತು.

1931ರಲ್ಲಿ ಹೊಸ ಸಾಲಪತ್ರಗಳಿಗೆ ಗ್ರಾಹಕರೇ ದೊರೆಯಲಿಲ್ಲ. ಲ್ಯಾಬ್ರಡಾರ್ ಪ್ರದೇಶವನ್ನು ಕೆನಡಾಕ್ಕೆ ಮಾರುವ ಯತ್ನವೂ ವಿಫಲವಾಯಿತು. ನಿರ್ಗತಿಕರಿಗೆ ದೊರೆಯುತ್ತಿದ್ದ ಪರಿಹಾರ ದಿನಕ್ಕೆ 6 ಸೆಂಟು; ಆದಾಯದ ಅರ್ಧಕ್ಕೂ ಮಿಕ್ಕ ಭಾಗ ಬಡ್ಡಿಗೆ ಮೀಸಲು. 1932ರ ಏಪ್ರಿಲ್ 5ರಂದು ಸೇಂಟ್ ಜಾನ್ಸ್ ನಗರದ ಶಾಸನಭವನಕ್ಕೆ ಜನರು ನುಗ್ಗಿದರು. ಪ್ರಧಾನಿ ರಿಚರ್ಡ್ ಸ್ಕ್ವೈರ್ಸ್ ಪ್ರಾಣಭಯದಿಂದ ಪಲಾಯನ ಮಾಡಿದರು. ಉತ್ತರಾಧಿಕಾರಿ ಆಲ್ಡರ್‌ಡೈಸ್, ಬಡ್ಡಿಯ ಪಾವತಿಯನ್ನು ಭಾಗಶಃ ತಡೆಹಿಡಿಯಲು ಯೋಚಿಸಿದಾಗ, ಸಾಮ್ರಾಜ್ಯದ ಸಾಲಮಾನ್ಯತೆಗೆ ಕುಂದು ಬಂದೀತೆಂದು ಬ್ರಿಟನ್ ಸಮ್ಮತಿಸಲಿಲ್ಲ. ಆಮ್ಯುಲ್ರೀ ಆಯೋಗದ ಶಿಫಾರಸಿನಂತೆ, 1934ರ ಫೆಬ್ರವರಿ 16ರಂದು ಗವರ್ನರನೂ ಆರು ನಿಯುಕ್ತ ಸದಸ್ಯರೂ ಇದ್ದ ಮಂಡಲಿಯು ಅಧಿಕಾರ ವಹಿಸಿತು. ಸಾಲಪತ್ರಗಳು ಬ್ರಿಟಿಷ್ ಖಾತರಿಯ, 3 ಪ್ರತಿಶತ ಬಡ್ಡಿಯ ಪತ್ರಗಳಾಗಿ ಮಾರ್ಪಟ್ಟುವು. ಈ ಬಡ್ಡಿಯಿಳಿಕೆಯು ಮೊದಲೇ ದೊರೆತಿದ್ದರೆ ಪ್ರಜಾಸತ್ತೆಯನ್ನು ಬಲಿಗೊಡಬೇಕಾದ ಪ್ರಸಂಗವೇ ಬರುತ್ತಿರಲಿಲ್ಲವೇನೋ.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನಾನೆಲೆಗಳು ಅಲ್ಲಿ ತಲೆಯೆತ್ತಿ, ಕೂಲಿಯು ನಗದಾಗಿ ದೊರೆಯತೊಡಗಿದೊಡನೆ ಬೊಕ್ಕಸವು ತುಂಬಿತು. ಹಿಂದೆ ಬ್ರಿಟನ್ನಿನ ಮುಂದೆ ಕೈಯೊಡ್ಡಿದ್ದ ದ್ವೀಪವೇ ಆ ದೇಶಕ್ಕೆ ಬಡ್ಡಿಯಿಲ್ಲದ ಸಾಲವನ್ನಿತ್ತಿತು. ಹತ್ತು ವರ್ಷಗಳೊಳಗೆ ಜನರ ಶೀಲ ಬದಲಾಗಿರಲಿಲ್ಲ, ಬದಲಾದುದು ಆದಾಯದ ಮೂಲ. 1949ರಲ್ಲಿ ದ್ವೀಪವು ಕೆನಡಾದೊಡನೆ ಸೇರಿದಾಗ ಖಾತರಿಯ ಋಣವನ್ನು ಆ ರಾಷ್ಟ್ರವೇ ವಹಿಸಿಕೊಂಡಿತು. ಏಕವಸ್ತುವಿನ ವ್ಯಾಪಾರವನ್ನೇ ನೆಚ್ಚಿದ ನಾಡಿನ ಋಣವನ್ನು ನೈತಿಕ ಅಪರಾಧವೆಂದೆಣಿಸಿ, ಅದಕ್ಕೆ ಪ್ರಾಯಶ್ಚಿತ್ತವಾಗಿ ಪ್ರಜೆಗಳ ಮತಾಧಿಕಾರವನ್ನೇ ಕೇಳುವುದು ನ್ಯಾಯವಲ್ಲವೆಂಬುದನ್ನು ಈ ಚರಿತ್ರೆಯು ನಿಸ್ಸಂದಿಗ್ಧವಾಗಿ ಸ್ಥಾಪಿಸುತ್ತದೆ.