ಎರಡು ಸುತ್ತು ಮುಂದಿದ್ದವನ ಗೆಲುವು

ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ವರ್ಷಗಳನ್ನು ಸವೆಸಿದ ನಮಗೆ ‘ಸ್ಟಾಕ್’ ಎಂದೊಡನೆ ಕಣ್ಣೆದುರು ನಿಲ್ಲುವುದು ಸ್ಟಾಕ್ ರಿಜಿಸ್ಟರು. ಕುರ್ಚಿ, ಮೇಜು, ಕಪಾಟುಗಳನ್ನು ಎಣಿಸಿ, ಎಣಿಕೆ ತಾಳೆಯಾಗದಿದ್ದರೆ ಷರಾ ಬರೆದು, ಮೇಲಿನವರ ಸಹಿಗೆ ಕಳುಹಿಸುವ ಕೆಂಪು ಬಟ್ಟೆಯ ದಪ್ಪ ಪುಸ್ತಕ. ಅಮೆರಿಕದ ಸ್ಟಾಕ್ ಕಾರ್ ಓಟದ ಹೆಸರಿನಲ್ಲಿಯೂ ಇದೇ ದಾಸ್ತಾನಿನ ನೆರಳಿದೆ. ಅಂಗಡಿಯ ದಾಸ್ತಾನಿನಿಂದ ಯಾರು ಬೇಕಾದರೂ ಕೊಂಡು ತರಬಹುದಾದ ಕಾರು, ಯಾವ ಮಾರ್ಪಾಡೂ ಇಲ್ಲದ ಕಾರು ಎಂಬುದೇ ಆ ಪದದ ಮೂಲಾರ್ಥ. ಆ ಅರ್ಥ ಎಷ್ಟು ಬೇಗ ಸವೆದುಹೋಯಿತೆಂಬುದು ಬೇರೆಯ ಮಾತು.

ಈ ಆಟದ ಪರಿಚಯ ನಮಗಾದದ್ದು ಮೈದಾನದಲ್ಲಲ್ಲ, ಇಂಗ್ಲಿಷ್ ಎಂ.ಎ. ಓದುವಾಗ ಗ್ರಂಥಾಲಯದಲ್ಲಿ. ಟಾಮ್ ವುಲ್ಫ್ 1965ರಲ್ಲಿ ‘ಎಸ್ಕ್ವೈರ್’ ಪತ್ರಿಕೆಗೆ ಜೂನಿಯರ್ ಜಾನ್ಸನ್ ಎಂಬ ಚಾಲಕನ ಬಗೆಗೆ ದೀರ್ಘ ಲೇಖನವೊಂದನ್ನು ಬರೆದಿದ್ದರು. ನಾರ್ತ್ ಕೆರೊಲಿನಾದ ವಿಲ್ಕ್ಸ್ ಕೌಂಟಿಯ ಬೆಟ್ಟಗಳಲ್ಲಿ ತಂದೆಯ ಭಟ್ಟಿಯ ಸಾರಾಯಿಯನ್ನು ರಾತ್ರಿಯ ಹೊತ್ತು ಕಾರಿನಲ್ಲಿ ಸಾಗಿಸುತ್ತ ವೇಗವನ್ನು ಕಲಿತವನು ಜಾನ್ಸನ್. 1956ರಲ್ಲಿ ಭಟ್ಟಿಯ ಬಳಿಯೇ ಸಿಕ್ಕಿಬಿದ್ದು ಸೆರೆಮನೆ ಸೇರಿದ. ಹೊರಬಂದವನು ಮತ್ತೆ ಓಡಿಸಿದ, ಗೆದ್ದ, ಕೊನೆಗೆ 1986ರಲ್ಲಿ ಅಧ್ಯಕ್ಷ ರೇಗನ್ನರಿಂದ ಕ್ಷಮಾದಾನವನ್ನೂ ಪಡೆದ. ಇಂಗ್ಲಿಷಿನಲ್ಲಿ ಆ ಸಾರಾಯಿಗೆ ‘ಮೂನ್‌ಶೈನ್’ ಎನ್ನುತ್ತಾರೆ, ಬೆಳದಿಂಗಳು. ನಮ್ಮ ಭಾಷೆ ಅಷ್ಟು ದಾಕ್ಷಿಣ್ಯ ತೋರದೆ ಕಳ್ಳಭಟ್ಟಿ ಎಂದೇ ಕರೆಯುತ್ತದೆ. ಸುಂಕ ತಪ್ಪಿಸಿದವನು ನಾಯಕ, ಸುಂಕದವನು ಖಳ ಎಂಬ ಆ ಕಥೆಯನ್ನು ಅಂದು ನಾವು ಎಗ್ಗಿಲ್ಲದೆ ಮೆಚ್ಚಿದೆವು. ಮುಂದೆ ಸರ್ಕಾರದ ಸಂಬಳ ಉಣ್ಣತೊಡಗಿದ ಮೇಲೆ ಬೆನ್ನಟ್ಟಿ ಬರುತ್ತಿದ್ದ ಆ ಹೆಸರಿಲ್ಲದ ನೌಕರನ ಬಗೆಗೂ ಕೊಂಚ ಮರುಕ ಹುಟ್ಟಿತೆನ್ನಿ.

ಸಾರಾಯಿ ತುಂಬಿದ ಕಾರಿನ ಹಿಂಭಾಗ ಕುಸಿದು ಕಂಡರೆ ಪತ್ತೆಯಾಗುವುದು ಸುಲಭ. ಆದ್ದರಿಂದ ಹಿಂದಿನ ಸ್ಪ್ರಿಂಗುಗಳನ್ನು ಬಲಪಡಿಸುವ ಕೈಚಳಕವನ್ನು ಆ ಬೆಟ್ಟದ ಮೆಕ್ಯಾನಿಕರು ಕರಗತ ಮಾಡಿಕೊಂಡಿದ್ದರು. ಅದೇ ಸ್ಪ್ರಿಂಗು ತಿರುವಿನಲ್ಲಿ ಕಾರನ್ನು ನೆಲಕ್ಕೆ ಕಚ್ಚಿ ಹಿಡಿಯುವಂತೆ ಮಾಡುತ್ತಿತ್ತು. 1949ರ ಜೂನ್ 19ರಂದು ಷಾರ್ಲಟ್ ನಗರದ ಮುಕ್ಕಾಲು ಮೈಲಿಯ ಮಣ್ಣಿನ ಪಥದಲ್ಲಿ ನ್ಯಾಸ್ಕಾರ್ ಸಂಸ್ಥೆ ತನ್ನ ಮೊದಲ ‘ಶುದ್ಧ ಸ್ಟಾಕ್’ ಓಟವನ್ನು ನಡೆಸಿದಾಗ ಈ ಸ್ಪ್ರಿಂಗೇ ಇತಿಹಾಸವನ್ನು ತಿರುಗಿಸಿತು. 33 ಕಾರುಗಳು, 200 ಸುತ್ತು. ಲೀ ಪೆಟ್ಟಿ ಎಂಬವರು ಎರವಲು ತಂದ ಬ್ಯೂಕ್ ಕಾರನ್ನು ಉರುಳಿಸಿ ನಜ್ಜುಗುಜ್ಜು ಮಾಡಿಕೊಂಡರು. ಸಾರಾ ಕ್ರಿಶ್ಚಿಯನ್ ಎಂಬ ಮಹಿಳೆಯೂ ಕಣದಲ್ಲಿದ್ದರು. ಕಾನ್ಸಾಸಿನ ಜಿಮ್ ರೋಪರ್ ಈ ಓಟದ ಸುದ್ದಿಯನ್ನು ಪತ್ರಿಕೆಯೊಂದರ ಚಿತ್ರಕಥೆಯ ಪಟ್ಟಿಯಲ್ಲಿ ಓದಿ, ಲಿಂಕನ್ ಕಾರನ್ನು ಸಾವಿರ ಮೈಲಿಗೂ ಮಿಕ್ಕಿ ತಾನೇ ಓಡಿಸಿಕೊಂಡು ಬಂದನೆಂದು ಹೇಳುತ್ತಾರೆ. ಹವ್ಯಾಸಿ ಎಂಬ ಮಾತಿಗೆ ಇದಕ್ಕಿಂತ ಒಪ್ಪುವ ಚಿತ್ರ ನಮಗೆ ಹೊಳೆಯದು.

ಮೊದಲು ಗುರಿ ಮುಟ್ಟಿದವನು ಗ್ಲೆನ್ ಡನ್‌ಅವೇ. ಓಟ ಮುಗಿದ ಮೇಲಿನ ತಪಾಸಣೆಯಲ್ಲಿ ಅವನ ಫೋರ್ಡ್ ಕಾರಿನ ಹಿಂದಿನ ಸ್ಪ್ರಿಂಗುಗಳನ್ನು ಕಳ್ಳಸಾಗಣೆಯವರ ಪದ್ಧತಿಯಂತೆ ತಿದ್ದಿರುವುದು ಕಂಡುಬಂತು. ಗೆಲುವು ರದ್ದಾಯಿತು, ರೋಪರ್ ವಿಜಯಿಯಾದ. ಕಾರಿನ ಒಡೆಯ ನ್ಯಾಯಾಲಯಕ್ಕೆ ಹೋದ, ಸೋತ. ಡನ್‌ಅವೇ ಆ ಕಾರಿನ ಒಡೆಯನೂ ಅಲ್ಲ, ಅದನ್ನು ತಿದ್ದಿದವನೂ ಅಲ್ಲ ಎಂಬುದನ್ನು ನೆನೆದರೆ ಮನಸ್ಸು ಸ್ವಲ್ಪ ಮುದುಡುತ್ತದೆ. ಆದರೂ ನಿಯಮ ಮೊದಲೇ ಬರೆದಿಟ್ಟದ್ದಾಗಿತ್ತು, ತಪಾಸಣೆ ಬಹಿರಂಗವಾಗಿತ್ತು. ಕಡತದ ದೃಷ್ಟಿಯಿಂದ ನಮಗೆ ಅದರಲ್ಲಿ ಆಕ್ಷೇಪವಿಲ್ಲ.

ಹತ್ತು ವರ್ಷ ಕಳೆದು, 1959ರ ಫೆಬ್ರವರಿ 22ರಂದು ನಡೆದ ಮೊದಲ ಡೇಟೋನಾ 500 ಓಟದಲ್ಲಿ ಅದೇ ಲೀ ಪೆಟ್ಟಿ ಹಾಗೂ ಜಾನಿ ಬೋಷಾಂಪ್ ಸರಿಸುಮಾರು ಒಟ್ಟಿಗೇ ಗೆರೆ ದಾಟಿದರು. ಮೊದಲು ಬೋಷಾಂಪ್ ಗೆದ್ದನೆಂದು ಸಾರಲಾಯಿತು. ಬಳಿಕ ಛಾಯಾಚಿತ್ರಗಳನ್ನೂ ವಾರ್ತಾಚಿತ್ರದ ಸುರುಳಿಯನ್ನೂ ತರಿಸಿ ನೋಡಿ, ಮೂರನೆಯ ದಿನ ತೀರ್ಪನ್ನು ಬದಲಿಸಿ ಪೆಟ್ಟಿಗೆ ಗೆಲುವನ್ನು ಕೊಟ್ಟರು. ತಪ್ಪಾದ ದಾಖಲೆಯನ್ನು ತಿದ್ದುವ ಮನಸ್ಸಿದ್ದರೆ ಮೂರು ದಿನ ಸಾಕೆಂದಾಯಿತು.

ವರ್ಜೀನಿಯಾದ ಡ್ಯಾನ್‌ವಿಲ್ ಪಟ್ಟಣದಲ್ಲಿ 1921ರಲ್ಲಿ ಹುಟ್ಟಿದ ವೆಂಡೆಲ್ ಸ್ಕಾಟ್ ಕಪ್ಪು ಜನಾಂಗದವರು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ಮೆಕ್ಯಾನಿಕ್, ಊರಿನಲ್ಲಿ ಟ್ಯಾಕ್ಸಿ ಚಾಲಕ, ರಾತ್ರಿಯ ಹೊತ್ತು ಸಾರಾಯಿ ಸಾಗಣೆ. 1952ರಲ್ಲಿ ಊರಿನ ಓಟಕ್ಕೆ ಜನರನ್ನು ಸೆಳೆಯಲು ಕಪ್ಪು ಚಾಲಕನೊಬ್ಬ ಬೇಕೆಂದು ಸಂಘಟಕರು ಪೊಲೀಸರನ್ನೇ ವಿಚಾರಿಸಿದರಂತೆ; ತಮ್ಮಿಂದ ತಪ್ಪಿಸಿಕೊಂಡು ಓಡುವುದರಲ್ಲಿ ನಿಸ್ಸೀಮನಾದವನ ಹೆಸರನ್ನು ಪೊಲೀಸರು ಕೊಟ್ಟರಂತೆ. ಬೆನ್ನಟ್ಟಿದವರೇ ಬರೆದುಕೊಟ್ಟ ಇಂಥ ಯೋಗ್ಯತಾಪತ್ರ ಬೇರೆ ಯಾವ ಆಟಗಾರನಿಗೂ ದೊರೆತಿರಲಾರದು. ಆದರೆ ಬೇರೆ ಊರುಗಳಿಗೆ ಹೋದಾಗ ಬಣ್ಣ ನೋಡಿ ಬಾಗಿಲಲ್ಲೇ ಹಿಂದಕ್ಕೆ ಕಳುಹಿಸಿದ ಪ್ರಸಂಗಗಳೂ ಇದ್ದವು. ಅವರು ಬಿಡಲಿಲ್ಲ. ಹಳೆಯ ಕಾರು, ಬೇರೆಯವರು ಬಳಸಿ ಬಿಟ್ಟ ಟೈರು, ಕೆಲಸಕ್ಕೆ ತಮ್ಮ ಮಕ್ಕಳು. ಓಟದ ನಡುವೆ ಕಾರು ನಿಲ್ಲಿಸಿದಾಗ ತಾವೇ ಇಳಿದು ರಿಪೇರಿ ಮಾಡಿ ಮತ್ತೆ ಹತ್ತುತ್ತಿದ್ದರು.

1963ರ ಡಿಸೆಂಬರ್ 1. ಅಧ್ಯಕ್ಷ ಕೆನಡಿಯವರ ಹತ್ಯೆಯಾಗಿ ಒಂಬತ್ತು ದಿನ. ಫ್ಲಾರಿಡಾದ ಜ್ಯಾಕ್ಸನ್‌ವಿಲ್‌ನಲ್ಲಿ ಅರ್ಧ ಮೈಲಿಯ ಮಣ್ಣಿನ ಪಥ, 200 ಸುತ್ತು. ಆ ಕಾಲದಲ್ಲಿ ಸುತ್ತುಗಳನ್ನು ಎಣಿಸುತ್ತಿದ್ದುದು ಯಂತ್ರವಲ್ಲ, ಕೈಯಲ್ಲಿ ಕಾರ್ಡು ಹಿಡಿದು ಕುಳಿತ ಮನುಷ್ಯರು. ಎಷ್ಟೋ ಸಲ ಚಾಲಕರ ಹೆಂಡತಿಯರೇ. ಕೊನೆಗೆ ಬಾವುಟ ಬೀಸಿದ್ದು ಬಕ್ ಬೇಕರ್ ಎಂಬ ಬಿಳಿಯ ಚಾಲಕನಿಗೆ. ಟ್ರೋಫಿ ಅವನ ಕೈಗೆ ಹೋಯಿತು, ಸುಂದರಿಯ ಮುತ್ತೂ ಅವನಿಗೇ. ಸ್ಕಾಟ್ ಒಪ್ಪಲಿಲ್ಲ. ಕಾರ್ಡುಗಳನ್ನು ಮತ್ತೆ ಲೆಕ್ಕ ಹಾಕಿದಾಗ ಅವರು ಬೇಕರ್‌ಗಿಂತ ಎರಡು ಸುತ್ತು ಮುಂದಿದ್ದುದು ತಿಳಿಯಿತು. ಗೆಲುವು ಅವರದೆಂದು ಅಧಿಕಾರಿಗಳು ಒಪ್ಪುವ ಹೊತ್ತಿಗೆ ಪ್ರೇಕ್ಷಕರು ಮನೆ ಸೇರಿದ್ದರು. ಒಂದು ಸುತ್ತು ತಪ್ಪಿದರೆ ಕಣ್ತಪ್ಪು ಎನ್ನಬಹುದು. ಎರಡು ಸುತ್ತನ್ನು ಹಾಗೆನ್ನಲು ನಮ್ಮ ಲೆಕ್ಕಪತ್ರದ ಅನುಭವ ಬಿಡುವುದಿಲ್ಲ. ಬಿಳಿಯ ಯುವತಿ ಕಪ್ಪು ಚಾಲಕನಿಗೆ ಸಾವಿರಾರು ಜನರೆದುರು ಮುತ್ತಿಡುವ ದೃಶ್ಯವನ್ನು ತಪ್ಪಿಸಲೆಂದೇ ಹೀಗಾಯಿತೆಂದು ನಂಬಿದವರು ಅಂದೂ ಇದ್ದರು, ಇಂದೂ ಇದ್ದಾರೆ.

ನಮಗೆ ನೋವೆನಿಸುವುದು ಇನ್ನೊಂದು ಕಾರಣಕ್ಕೆ. ದಾಖಲೆಯನ್ನು ತಿದ್ದಿದರು ನಿಜ. ಆದರೆ ಯಾರೂ ನೋಡದ ಹೊತ್ತಿನಲ್ಲಿ. ಪೆಟ್ಟಿಯ ಗೆಲುವು ಪತ್ರಿಕೆಗಳ ಸುದ್ದಿಯಾಯಿತು, ಸ್ಕಾಟ್ ಅವರದು ಪುಸ್ತಕದೊಳಗಿನ ಒಂದು ಸಾಲಾಯಿತು. ತಡವಾಗಿ ಅವರ ಕೈಗೆ ಸಿಕ್ಕಿದ್ದು ಅಗ್ಗದ ಮರದ ಫಲಕ. ನಮ್ಮಲ್ಲಿಯೂ ಬಡ್ತಿಯ ಆದೇಶ ನಿವೃತ್ತಿಯ ಮರುದಿನ ಕೈಸೇರಿದ ಸಹೋದ್ಯೋಗಿಯೊಬ್ಬರಿದ್ದರು. ಆದೇಶದಲ್ಲಿ ತಪ್ಪೇನೂ ಇರಲಿಲ್ಲ, ಸಹಿ ಮೊಹರುಗಳೆಲ್ಲ ಸರಿಯಾಗಿದ್ದವು. ಅವರು ಅದನ್ನು ಎರಡು ಸಲ ಓದಿ, ಮಡಚಿ, ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡು ಹೋದರು.

ಸ್ಕಾಟ್ ಮುಂದೆಯೂ ಹತ್ತು ವರ್ಷ ಓಡಿಸಿದರು. ಆ ಮೇಲ್ಮಟ್ಟದ ಓಟದಲ್ಲಿ ಅವರಿಗೆ ದಕ್ಕಿದ್ದು ಅದೊಂದೇ ಗೆಲುವು. 1973ರಲ್ಲಿ ಟ್ಯಾಲಡೇಗಾದ ಭೀಕರ ಸರಣಿ ಅಪಘಾತದಲ್ಲಿ ಮೂಳೆಗಳು ಮುರಿದು ಅವರ ವೃತ್ತಿಜೀವನ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯಿತು. 1977ರಲ್ಲಿ ರಿಚರ್ಡ್ ಪ್ರಯರ್ ನಟನೆಯಲ್ಲಿ ಅವರ ಬದುಕು ‘ಗ್ರೀಸ್ಡ್ ಲೈಟ್ನಿಂಗ್’ ಎಂಬ ಚಲನಚಿತ್ರವಾಯಿತು. ವುಲ್ಫ್ ಲೇಖನದ ಗುಂಗಿನಲ್ಲಿ ಈ ಆಟವೆಂದರೆ ಬಿಳಿಯ ಬೆಟ್ಟಗಾಡಿನವರ ಕಥೆಯೆಂದೇ ತಿಳಿದಿದ್ದ ನಮಗೆ ಸ್ಕಾಟ್ ಅವರ ಹೆಸರು ಗೊತ್ತಾದದ್ದು ತೀರ ಈಚೆಗೆ.

ಅವರು 1990ರ ಡಿಸೆಂಬರಿನಲ್ಲಿ ತೀರಿಕೊಂಡರು. 2015ರಲ್ಲಿ ನ್ಯಾಸ್ಕಾರ್ ತನ್ನ ಕೀರ್ತಿಭವನದಲ್ಲಿ ಅವರ ಹೆಸರನ್ನು ಸೇರಿಸಿತು. ಜ್ಯಾಕ್ಸನ್‌ವಿಲ್ ಓಟದ ಟ್ರೋಫಿಯನ್ನು ಅವರ ಕುಟುಂಬದವರ ಕೈಗೆ ಕೊಟ್ಟದ್ದು 2021ರ ಆಗಸ್ಟಿನಲ್ಲಿ, ಡೇಟೋನಾದಲ್ಲಿ, ಪ್ರೇಕ್ಷಕರ ಎದುರು.