ಗಾಲ್ಫ್‌ನ ‘ಪಾರ್’: ಷೇರುಪೇಟೆಯಿಂದ ಬಂದ ಒಂದು ಅಂದಾಜು

ಬಿ.ಕಾಂ ಓದಿದವರಿಗೆ ‘ಪಾರ್ ವ್ಯಾಲ್ಯೂ’ ಗೊತ್ತಿರುತ್ತೆ, ಅಂದರೆ ಷೇರಿನ ಮುಖಬೆಲೆ. ಮಾರುಕಟ್ಟೆ ದರ ಅದಕ್ಕಿಂತ ಮೇಲೂ ಇರಬಹುದು, ಕೆಳಗೂ ಇರಬಹುದು. ಗಾಲ್ಫ್‌ನಲ್ಲಿ ಕೇಳೋ ‘ಪಾರ್’ ಕೂಡ ಷೇರುಪೇಟೆಯಿಂದಲೇ ಬಂದದ್ದು.

1870ರಲ್ಲಿ ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್‌ನಲ್ಲಿ ಓಪನ್ ಚಾಂಪಿಯನ್‌ಶಿಪ್ ನಡೀತು. ಆಗ ಆ ಕೋರ್ಸ್‌ನಲ್ಲಿ ಇದ್ದದ್ದು 12 ಹೋಲ್ ಮಾತ್ರ. ಎ.ಎಚ್. ಡೋಲ್‌ಮನ್ ಅನ್ನೋ ಗಾಲ್ಫ್ ಬರಹಗಾರ ಇಬ್ಬರು ವೃತ್ತಿಪರ ಆಟಗಾರರನ್ನ ಕೇಳಿದ: ತಪ್ಪಿಲ್ಲದೆ ಆಡಿದರೆ ಒಂದು ಸುತ್ತಿಗೆ ಎಷ್ಟು ಹೊಡೆತ ಬೇಕು? ಅವರು 49 ಅಂದರು. ಡೋಲ್‌ಮನ್ ಅದನ್ನ ‘ಪಾರ್’ ಅಂತ ಕರೆದ. ಮೂರು ಸುತ್ತಿಗೆ 147 ಆಯ್ತು. ಗೆದ್ದ ಯಂಗ್ ಟಾಮ್ ಮಾರಿಸ್‌ನ ಲೆಕ್ಕ 149. ಚಾಂಪಿಯನ್ನೇ ಪಾರ್‌ಗಿಂತ ಎರಡು ಹೊಡೆತ ಹೆಚ್ಚು!

ಆಮೇಲೆ ಅಂದಾಜಿಗೆ ಅಳತೆ ಬಂತು. 1911ರಲ್ಲಿ ಅಮೆರಿಕದ ಯುಎಸ್‌ಜಿಎ ಹೇಳಿದ್ದು ಹೀಗೆ: 225 ಗಜದವರೆಗಿನ ಹೋಲ್‌ಗೆ ಪಾರ್ 3, 425ರವರೆಗೆ 4, 600ರವರೆಗೆ 5. ಗ್ರೀನ್ ಮೇಲೆ ಎರಡು ಪಟ್ ಅಂತ ಲೆಕ್ಕ, ಉಳಿದ ಹೊಡೆತ ಗ್ರೀನ್ ತಲುಪೋಕೆ. ಹದಿನೆಂಟೂ ಹೋಲ್ ಕೂಡಿಸಿದರೆ ಕೋರ್ಸ್‌ನ ಒಟ್ಟು ಪಾರ್.

ಸಾಮಾನ್ಯವಾಗಿ ನಾಲ್ಕು ಪಾರ್ 3, ಹತ್ತು ಪಾರ್ 4, ನಾಲ್ಕು ಪಾರ್ 5 ಇದ್ದರೆ 72. ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್ ಕೂಡ 72. ಆದರೆ ಅಲ್ಲಿ ಪಾರ್ 3 ಎರಡೇ, ಪಾರ್ 5 ಎರಡೇ, ಉಳಿದ ಹದಿನಾಲ್ಕೂ ಪಾರ್ 4. ಮೊತ್ತ ಒಂದೇ, ಆಟ ಬೇರೆ. ಜಾಗ ಕಡಿಮೆ ಇದ್ದ ಕಡೆ ಚಿಕ್ಕ ಹೋಲ್‌ಗಳು ಜಾಸ್ತಿ ಆಗ್ತವೆ, ಒಟ್ಟು ಪಾರ್ ಇಳಿಯುತ್ತೆ. ಹಾಗಂತ ಪಾರ್ ಕಡಿಮೆ ಅಂದ್ರೆ ಕೋರ್ಸ್ ಸುಲಭ ಅಂತಲ್ಲ.

ಇದಕ್ಕೆ ಒಳ್ಳೆ ಉದಾಹರಣೆ ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್. 1992ರ ಯುಎಸ್ ಓಪನ್‌ನಲ್ಲಿ ಅದರ ಪಾರ್ 72 ಇತ್ತು. 2000ದಲ್ಲಿ ಎರಡನೇ ಹೋಲನ್ನ ಪಾರ್ 5ರಿಂದ 4ಕ್ಕೆ ಇಳಿಸಿದರು, ಒಟ್ಟು 71 ಆಯ್ತು. ಟೈಗರ್ ವುಡ್ಸ್ ನಾಲ್ಕು ಸುತ್ತಿನಲ್ಲಿ 272 ಹೊಡೆತಕ್ಕೆ ಗೆದ್ದ, ಪಾರ್‌ಗಿಂತ 12 ಕಡಿಮೆ. ಹಳೇ ಲೆಕ್ಕ ಹಿಡಿದರೆ 16 ಕಡಿಮೆ! ಆದರೆ ಅವನು ಹೊಡೆದದ್ದು ಎರಡೂ ಲೆಕ್ಕದಲ್ಲಿ ಅದೇ 272.

ಈಗ ನಮ್ಮ ಬೆಂಗಳೂರಿನ ಅದಿತಿ ಅಶೋಕ್. ಟೋಕಿಯೊ ಒಲಿಂಪಿಕ್ಸ್ ಆಡಿದ ಕೋರ್ಸ್‌ನ ಪಾರ್ 71, ನಾಲ್ಕು ಸುತ್ತಿಗೆ 284. ಅದಿತಿ 269ರಲ್ಲಿ ಮುಗಿಸಿದರು, ಪಾರ್‌ಗಿಂತ 15 ಕಡಿಮೆ. ಒಂದೇ ಒಂದು ಹೊಡೆತದಲ್ಲಿ ಪದಕ ಕೈತಪ್ಪಿ ನಾಲ್ಕನೇ ಸ್ಥಾನ. ಅಲ್ಲಿ ಪಾರ್ 70 ಇದ್ದಿದ್ದರೂ, 72 ಇದ್ದಿದ್ದರೂ ಅವರು ನಾಲ್ಕನೆಯವರೇ.

ಸೋ, ಮುಂದಿನ ಸಲ ಸ್ಕೋರ್‌ಬೋರ್ಡ್‌ನಲ್ಲಿ ಮೈನಸ್ 15 ಅಂತ ಕಂಡರೆ, ಆ ಕೋರ್ಸ್‌ನ ಪಾರ್ ಎಷ್ಟು ಅಂತಾನೂ ನೋಡಿ. ಪಾರ್ ಯಾರೋ ಕೂತು ಹಾಕಿದ ಮುಖಬೆಲೆ. ಆಟಗಾರ್ತಿಯ ದುಡಿಮೆ ಇರೋದು ಆ 269ರಲ್ಲಿ.